ಲಾರಿಯ ಸದ್ದಿಗೊಂದು ವಿಳಾಸ



ನಮ್ಮ ಅನೇಕ ಕುಟುಂಬಗಳಲ್ಲಿ ಅಂಗಳದ ತುದಿಯಲ್ಲಿ ನಿಂತಿರುವ ಲಾರಿಯೂ ಮನೆಯ ಸದಸ್ಯನಂತೆಯೇ ಸರಿ. ಅದು ದುಡಿದರೆ ಮನೆಗೆ ಅಕ್ಕಿ ಬರುತ್ತದೆ, ಮಕ್ಕಳ ಶಾಲೆಯ ಶುಲ್ಕ ಸಂದಾಯವಾಗುತ್ತದೆ, ಬ್ಯಾಂಕಿನ ಕಂತು ತೀರುತ್ತದೆ. ಅದು ಮಲಗಿತೆಂದರೆ ಮನೆಯವರೆಲ್ಲರ ನಿದ್ದೆ ಹಾರಿಹೋಗುತ್ತದೆ. ಆದುದರಿಂದ ಅಂತಹ ಲಾರಿಯ ಒಡಲಿನಿಂದ ಒಂದು ದಿನ, ಅದುವರೆಗೆ ಕೇಳಿರದ ಸದ್ದೊಂದು ಹೊರಟಾಗ ಚಾಲಕನ ಎದೆ ಝಲ್ಲೆನ್ನುವುದು ಸಹಜ. ಆ ಗಾಬರಿಯಲ್ಲಿ ಮಾಡುವ ತಪ್ಪುಗಳೇ ಅನೇಕ ಸಲ ಯಂತ್ರದ ದೋಷಕ್ಕಿಂತಲೂ ದುಬಾರಿಯಾಗುತ್ತವೆ. ಸದ್ದಿನ ಮೂಲವನ್ನು ವಿಚಾರಪೂರ್ವಕವಾಗಿ ಶೋಧಿಸುವ ಬಗೆ ಹೇಗೆಂಬುದೇ ಈ ವಾರದ ವಿಷಯ.

ಕೆಲವು ವರ್ಷಗಳ ಹಿಂದೆ ನನಗೆ ಪರಿಚಯವಿದ್ದ ಕುಟುಂಬವೊಂದರಲ್ಲಿ ನಡೆದ ಸಂಗತಿಯಿದು. ಮನೆಯ ಯಜಮಾನ ಸ್ವತಃ ಚಾಲಕ. ಪತ್ನಿ ಲೆಕ್ಕಪತ್ರ ನೋಡಿಕೊಳ್ಳುವವರು. ಆರು ಚಕ್ರದ ಅವರ ಲಾರಿ ಮಂಗಳೂರಿನಿಂದ ಹೆಂಚು ಹೇರಿಕೊಂಡು ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಹೋಗುತ್ತಿತ್ತು, ಮರಳುವಾಗ ಆಲೂಗಡ್ಡೆ ತರುತ್ತಿತ್ತು. ಒಮ್ಮೆ ವೇಗ ಗಂಟೆಗೆ 40 ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಕೆಳಗಿನಿಂದ ಗುಂಯ್‌ಗುಡುವ ಸದ್ದೂ ಆಸನದ ಅಡಿಯಲ್ಲಿ ನಡುಕವೂ ಕಾಣಿಸಿಕೊಂಡವು. ದಾರಿಬದಿಯ ಗ್ಯಾರೇಜಿನವರೊಬ್ಬರು ಒಮ್ಮೆ ಕೇಳಿದ್ದೇ ತಡ, ‘ಕ್ರೌನ್ ಪಿನಿಯನ್ ಹೋಗಿದೆ’ ಎಂದು ತೀರ್ಪು ಕೊಟ್ಟರು. ಸಾಲ ಮಾಡಿ ಹೊಸ ಜೋಡಿಯನ್ನು ತಂದು ಕೂರಿಸಿದ್ದಾಯಿತು. ನಡುವೆ ಎರಡು ಬಾಡಿಗೆಗಳು ತಪ್ಪಿದವು. ಲಾರಿ ರಸ್ತೆಗಿಳಿದಾಗ ಸದ್ದು ಇದ್ದಂತೆಯೇ ಇತ್ತು. ‘ಹಾಗಾದರೆ ಹಬ್ ಬೇರಿಂಗ್ ಇರಬೇಕು’ ಎಂದರು. ಅದನ್ನೂ ಬದಲಾಯಿಸಲಾಯಿತು. ಸದ್ದು ಕದಲಲಿಲ್ಲ. ಕಂತು ಎರಡು ತಿಂಗಳು ಹಿಂದೆ ಬಿದ್ದಿತು. ಲಾರಿಯನ್ನೇ ಮಾರಿಬಿಡುವ ಮಾತು ಮನೆಯಲ್ಲಿ ಮೊದಲ ಬಾರಿಗೆ ಕೇಳಿಬಂತು.

ಆ ಹೊತ್ತಿನಲ್ಲಿ ಯಾರೋ ಸೂಚಿಸಿದ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿಗೆ ಲಾರಿ ಹೋಯಿತು. ಅಂದು ನಾನೂ ಜತೆಗಿದ್ದೆ. ಮೇಸ್ತ್ರಿ ಸ್ಪ್ಯಾನರ್ ಕೈಗೆತ್ತಿಕೊಳ್ಳಲಿಲ್ಲ. ಕಲ್ಲಿನ ಮೇಲೆ ಕುಳಿತುಕೊಂಡು ಪ್ರಶ್ನೆ ಕೇಳಲಾರಂಭಿಸಿದರು.

“ಈ ಸದ್ದು ಶುರುವಾದದ್ದು ಯಾವತ್ತು? ಅದಕ್ಕೆ ಮೊದಲು ಗಾಡಿಗೆ ಏನು ಕೆಲಸ ಮಾಡಿಸಿದ್ದಿ?”

“ಕ್ಲಚ್ ಪ್ಲೇಟ್ ಹಾಕಿಸಿದ್ದೆ ಮೇಸ್ತ್ರಿಗಳೇ. ಅದಕ್ಕೂ ಇದಕ್ಕೂ ಎಂಥ ಸಂಬಂಧ?”

“ಸಂಬಂಧ ಇದೆಯಾ ಇಲ್ಲವಾ ಆಮೇಲೆ ನೋಡುವ ಮಾರಾಯ. ನೀನು ಮೊದಲು ಎಲ್ಲ ಹೇಳು.”

ಈ ಪ್ರಶ್ನೆಯ ಹಿಂದೆ ಇದ್ದ ವಿವೇಕವನ್ನು ಗಮನಿಸಬೇಕು. ಸದ್ದು ಎಲ್ಲಿಂದ ಬರುತ್ತಿದೆಯೆಂದು ನಾವೆಲ್ಲರೂ ಮೊದಲು ಕೇಳುತ್ತೇವೆ. ಆದರೆ ಲಾರಿಯ ಚೌಕಟ್ಟು ಉದ್ದಕ್ಕೂ ಉಕ್ಕಿನದು; ಒಂದು ತುದಿಯ ನಡುಕವನ್ನು ಅದು ಇನ್ನೊಂದು ತುದಿಗೆ ಸಲೀಸಾಗಿ ಸಾಗಿಸುತ್ತದೆ. ಹಿಂದಿನ ಸದ್ದು ಮುಂದೆ ಕೇಳಿಸುತ್ತದೆ, ಎಡದ್ದು ಬಲಕ್ಕೆ ಕೇಳಿಸುತ್ತದೆ. ‘ಎಲ್ಲಿ’ ಎಂಬ ವಿಷಯದಲ್ಲಿ ಕಿವಿ ಮೋಸ ಹೋಗಬಹುದು. ‘ಯಾವಾಗ’ ಎಂಬ ವಿಷಯದಲ್ಲಿ ಮೋಸಕ್ಕೆ ಆಸ್ಪದ ಕಡಿಮೆ. ಸದ್ದು ಯಾವ ಸಂದರ್ಭದಲ್ಲಿ ಹುಟ್ಟುತ್ತದೆ, ಯಾವ ಸಂದರ್ಭದಲ್ಲಿ ಅಡಗುತ್ತದೆ ಎಂಬುದನ್ನು ತಾಳ್ಮೆಯಿಂದ ಕಲೆಹಾಕಿದರೆ ಅದರ ವಿಳಾಸ ತಾನಾಗಿಯೇ ಸಿಗುತ್ತದೆ.

ಶಕ್ತಿ ಸಾಗುವ ದಾರಿ

ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿ ಕ್ಲಚ್ಚಿನ ಮೂಲಕ ಗೇರ್ ಪೆಟ್ಟಿಗೆಯನ್ನು ಸೇರುತ್ತದೆ. ಅಲ್ಲಿಂದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಅದನ್ನು ಹಿಂಭಾಗದ ಡಿಫರೆನ್ಷಿಯಲ್ಲಿಗೆ ಒಯ್ಯುತ್ತದೆ. ಡಿಫರೆನ್ಷಿಯಲ್ಲಿನ ಒಳಗೆ ಪುಟ್ಟ ಪಿನಿಯನ್ ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಅದರಿಂದ ಎರಡೂ ಆಕ್ಸಲ್‌ಗಳು, ಆಕ್ಸಲ್‌ಗಳಿಂದ ಚಕ್ರಗಳು ತಿರುಗುತ್ತವೆ. ಈ ದಾರಿಯಲ್ಲಿ ಒಂದು ಮುಖ್ಯವಾದ ಗಡಿಯಿದೆ. ಗೇರ್ ಪೆಟ್ಟಿಗೆಯ ಒಳಭಾಗದವರೆಗಿನ ಅಂಗಗಳು ಲಾರಿ ನಿಂತಿದ್ದಾಗಲೂ ತಿರುಗಬಲ್ಲವು. ಅದರ ಹಿಂದಿನವು ಲಾರಿ ಚಲಿಸಿದಾಗ ಮಾತ್ರ ತಿರುಗುತ್ತವೆ. ಆದುದರಿಂದ ಮೊದಲ ಪ್ರಶ್ನೆ: ಲಾರಿ ನಿಂತಿದ್ದಾಗ ಸದ್ದು ಬರುತ್ತದೆಯೇ?

ಬರುವುದಾದರೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಪೆಡಲನ್ನು ಒತ್ತಿ, ಬಿಟ್ಟು ನೋಡಬೇಕು. ಪೆಡಲ್ ಬಿಟ್ಟಾಗ ಗೊರಗೊರ ಎನ್ನುತ್ತಿದ್ದ ಸದ್ದು ಒತ್ತಿದೊಡನೆ ನಿಂತರೆ ಗೇರ್ ಪೆಟ್ಟಿಗೆಯ ಮುಂದಿನ ಬೇರಿಂಗ್ ಅಥವಾ ಕೆಳಗಿನ ಲೇ ಶಾಫ್ಟಿನ ಬೇರಿಂಗ್ ಸವೆದಿರುವ ಸಂಭವ ಹೆಚ್ಚು; ಏಕೆಂದರೆ ಪೆಡಲ್ ಒತ್ತಿದಾಗ ಅವುಗಳಿಗೆ ಎಂಜಿನ್ನಿನ ಸಂಪರ್ಕ ತಪ್ಪುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಬಿಟ್ಟಾಗ ಮೌನವಾಗಿದ್ದು ಒತ್ತಿದಾಗ ಕಿರುಗುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗನ್ನು ಸಂಶಯಿಸಬೇಕು. ಒಂದು ಕಾಸಿನ ಖರ್ಚೂ ಇಲ್ಲದ ಪರೀಕ್ಷೆಯಿದು.

ಚಲಿಸುವಾಗ ಮಾತ್ರ ಬರುವ ಸದ್ದಾದರೆ ಪ್ರಶ್ನೆಗಳು ಬೇರೆ. ಒಂದೇ ವೇಗದಲ್ಲಿ, ಮೊದಲು ನಾಲ್ಕನೆಯ ಗೇರಿನಲ್ಲಿ, ಬಳಿಕ ಐದನೆಯ ಗೇರಿನಲ್ಲಿ ಓಡಿಸಿ ಕೇಳಬೇಕು. ಎಂಜಿನ್ನಿನ ಸುತ್ತು ಬದಲಾದಂತೆ ಸದ್ದಿನ ಸ್ವರವೂ ಬದಲಾದರೆ ದೋಷ ಮುಂಭಾಗದಲ್ಲಿದೆ. ಗೇರು ಯಾವುದಾದರೂ ಸದ್ದು ಒಂದೇ ಆಗಿದ್ದರೆ ಅದು ಗೇರ್ ಪೆಟ್ಟಿಗೆಯಿಂದ ಹಿಂದಕ್ಕಿದೆ. ಯಾವುದೋ ಒಂದೇ ಗೇರಿನಲ್ಲಿ ಕೇಳಿಸಿದರೆ ಆ ಗೇರಿನ ಹಲ್ಲುಗಳನ್ನು ನೋಡಬೇಕು. ಉಳಿದೆಲ್ಲ ಗೇರುಗಳಲ್ಲಿ ಕೇಳಿಸಿ, ನೇರವಾಗಿ ಹಾಯುವ ಗೇರಿನಲ್ಲಿ ಮಾತ್ರ ತಗ್ಗಿದರೆ ಲೇ ಶಾಫ್ಟಿನ ಕಡೆಗೆ ಬೆರಳು ತೋರಿಸಬಹುದು. ಆ ಗೇರಿನಲ್ಲಿ ಭಾರವು ಲೇ ಶಾಫ್ಟಿನ ಮೇಲೆ ಬೀಳುವುದಿಲ್ಲ.

ಆಕ್ಸಿಲರೇಟರ್ ಒತ್ತಿದಾಗ ಊಳಿಡುವ ಸದ್ದು ಕಾಲು ತೆಗೆದಾಗ ನಿಂತರೆ, ಅಥವಾ ಕಾಲು ತೆಗೆದಾಗ ಮಾತ್ರ ಹುಟ್ಟಿದರೆ, ಕ್ರೌನ್ ಪಿನಿಯನ್ನಿನ ಹಲ್ಲುಗಳ ಒಂದು ಮುಖ ಸವೆದಿರಬಹುದು ಅಥವಾ ಪಿನಿಯನ್ನಿನ ಬೇರಿಂಗ್ ಸಡಿಲವಾಗಿರಬಹುದು. ಎಳೆಯುವಾಗ ಹಲ್ಲಿನ ಒಂದು ಮುಖಕ್ಕೂ, ಎಂಜಿನ್ ತಡೆಹಿಡಿಯುವಾಗ ಇನ್ನೊಂದು ಮುಖಕ್ಕೂ ಭಾರ ಬೀಳುವುದೇ ಇದಕ್ಕೆ ಕಾರಣ. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಡಿಫರೆನ್ಷಿಯಲ್ಲಿನ ಒಳಗಿನ ಸಣ್ಣ ಗೇರುಗಳನ್ನು ಪರೀಕ್ಷಿಸಬೇಕು. ನೇರ ರಸ್ತೆಯಲ್ಲಿ ಅವಕ್ಕೆ ಹೆಚ್ಚುಕಡಿಮೆ ವಿಶ್ರಾಂತಿ. ಬಲಕ್ಕೆ ತಿರುಗಿದಾಗ ಗೊರಗೊರ ಹೆಚ್ಚಿದರೆ ಎಡಭಾಗದ ಹಬ್ ಬೇರಿಂಗ್, ಎಡಕ್ಕೆ ತಿರುಗಿದಾಗ ಹೆಚ್ಚಿದರೆ ಬಲಭಾಗದ್ದು. ಭಾರವು ಯಾವಾಗಲೂ ತಿರುವಿನ ಹೊರಬದಿಗೆ ವಾಲುತ್ತದೆ. ಡಾಂಬರಿನಿಂದ ಕಾಂಕ್ರೀಟಿಗೆ ಬಂದೊಡನೆ ಸದ್ದು ಬದಲಾದರೆ ಅದು ಟೈರಿನದು. ರಸ್ತೆಯ ಮೇಲ್ಮೈ ಬದಲಾದುದು ಡಿಫರೆನ್ಷಿಯಲ್ಲಿಗೆ ತಿಳಿಯುವುದಿಲ್ಲ.

ಹೊರಡುವಾಗ ಅಥವಾ ಗೇರ್ ಬದಲಿಸುವಾಗ ಠಣ್ ಎಂದು ಒಂದೇ ಏಟು ಕೇಳಿಸಿದರೆ ಎಲ್ಲೋ ಸಡಿಲುಂಟಾಗಿದೆಯೆಂದು ಅರ್ಥ: ಶಾಫ್ಟಿನ ಕ್ರಾಸ್, ಅದರ ಜಾರುವ ಹಲ್ಲುಗಳು, ಆಕ್ಸಲನ್ನು ಬಿಗಿದಿರುವ ಯು ಬೋಲ್ಟುಗಳು, ಇವನ್ನು ಒಂದೊಂದಾಗಿ ಅಲುಗಿಸಿ ನೋಡಬೇಕು. ನಿಧಾನವಾಗಿ ಸಾಗುವಾಗ ಗುಬ್ಬಿಯ ಚಿಲಿಪಿಲಿಯಂತಹ ಸದ್ದು ಬಂದರೆ ಕ್ರಾಸಿನೊಳಗಿನ ಸೂಜಿ ಬೇರಿಂಗುಗಳಲ್ಲಿ ಗ್ರೀಸ್ ಒಣಗಿದೆ. ಅದರ ಬಟ್ಟಲಿನ ಸುತ್ತ ತುಕ್ಕಿನ ಕೆಂಪು ಪುಡಿ ಕಂಡರೆ ಗ್ರೀಸ್ ಹೊಡೆಯುವ ಕಾಲ ಮೀರಿತೆಂದೇ ತಿಳಿಯಬೇಕು, ಕ್ರಾಸನ್ನೇ ಬದಲಾಯಿಸಬೇಕು.

ತರ್ಕಶಾಸ್ತ್ರವನ್ನು ಓದಿದವರಿಗೆ ಈ ಕ್ರಮ ಹೊಸದಲ್ಲ. ಜಾನ್ ಸ್ಟುವರ್ಟ್ ಮಿಲ್ ಎಂಬ ಆಂಗ್ಲ ತತ್ತ್ವಜ್ಞಾನಿ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ಕಾರಣವನ್ನು ಹುಡುಕುವ ವಿಧಾನಗಳನ್ನು ವಿವರಿಸಿದ್ದಾನೆ. ಉಳಿದೆಲ್ಲವನ್ನೂ ಇದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿದಾಗ ಪರಿಣಾಮ ಬದಲಾದರೆ, ಆ ಒಂದರಲ್ಲಿಯೇ ಕಾರಣ ಅಡಗಿದೆಯೆಂಬುದು ಅವುಗಳಲ್ಲೊಂದು. ಒಂದು ಏರಿಳಿದಂತೆ ಇನ್ನೊಂದೂ ಏರಿಳಿದರೆ ಅವೆರಡಕ್ಕೂ ಸಂಬಂಧವಿದೆಯೆಂಬುದು ಮತ್ತೊಂದು. ಮೇಸ್ತ್ರಿ ಮಿಲ್ಲನ ಹೆಸರನ್ನು ಕೇಳಿದವರಲ್ಲ. ಆದರೆ ಒಂದೇ ಏಟಿಗೆ ಎರಡು ಭಾಗ ಬದಲಾಯಿಸಬಾರದೆಂಬ ಅವರ ನಿಯಮ ಅದೇ ತರ್ಕದ ಫಲ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಸದ್ದು ನಿಂತರೂ ತಪ್ಪು ಯಾವುದರದೆಂದು ತಿಳಿಯುವುದಿಲ್ಲ.

ಸ್ವರದ ಲೆಕ್ಕ

ನಮ್ಮ ಲಾರಿಯನ್ನು ಮೇಸ್ತ್ರಿ ಸಮತಟ್ಟಾದ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದರು. ಗೇರ್ ಬದಲಿಸಿದರೂ ಸದ್ದು ಬದಲಾಗಲಿಲ್ಲ. ದೋಷ ಹಿಂಭಾಗದ್ದೆಂದು ಖಚಿತವಾಯಿತು. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಸದ್ದು ಇತ್ತು. ತಿರುವುಗಳಿಗೆ ಅದು ಸ್ಪಂದಿಸಲಿಲ್ಲ. ‘ಕುಂಯ್’ ಎಂಬ ಸಣ್ಣ ಸ್ವರವಲ್ಲ, ‘ಗುಂಯ್’ ಎಂಬ ದಪ್ಪ ಸ್ವರ. “ಇದು ಹಲ್ಲಿನ ಸದ್ದಲ್ಲ, ಶಾಫ್ಟಿನದ್ದು” ಎಂದರು ಮೇಸ್ತ್ರಿ.

ಸ್ವರದಿಂದ ಸ್ಥಳವನ್ನು ಹೇಳುವುದು ಸಾಧ್ಯವೇ? ಲೆಕ್ಕ ಹಾಕಿ ನೋಡೋಣ. ದೊಡ್ಡ ಲಾರಿಯ ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ಸಾಗುತ್ತದೆಯೆನ್ನೋಣ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರಿಗಿಂತ ತುಸು ಹೆಚ್ಚು. ಹಾಗಾದರೆ ಚಕ್ರ ಸೆಕೆಂಡಿಗೆ ಸುಮಾರು ಮೂರೂವರೆ ಸುತ್ತು ತಿರುಗುತ್ತದೆ. ಪಿನಿಯನ್ನಿಗೆ 6 ಹಲ್ಲು, ಕ್ರೌನ್ ಚಕ್ರಕ್ಕೆ 41 ಹಲ್ಲು ಇದ್ದರೆ ಪ್ರೊಪೆಲ್ಲರ್ ಶಾಫ್ಟ್ ಚಕ್ರದ 6.83 ಪಟ್ಟು, ಅಂದರೆ ಸೆಕೆಂಡಿಗೆ ಸುಮಾರು 24 ಸುತ್ತು ತಿರುಗಬೇಕು. ಹಲ್ಲಿಗೆ ಹಲ್ಲು ತಾಗುವುದು ಸೆಕೆಂಡಿಗೆ ಸುಮಾರು 142 ಬಾರಿ.

ಇಲ್ಲಿ ಮೂರು ಅಂಕಿಗಳಿವೆ. ಸೆಕೆಂಡಿಗೆ ಮೂರುನಾಲ್ಕು ಏಟುಗಳಾದರೆ ಕಿವಿಯಿಂದಲೇ ಎಣಿಸಬಹುದು. ಟಕ್ ಟಕ್ ಎಂದು ಎಣಿಕೆಗೆ ಸಿಗುವ ಸದ್ದು ಚಕ್ರದ್ದು, ಹಬ್ಬಿನದ್ದು, ಟೈರಿನಲ್ಲಿ ಸಿಕ್ಕಿಕೊಂಡ ಕಲ್ಲಿನದ್ದು. ಇಪ್ಪತ್ತರಿಂದ ಐವತ್ತರವರೆಗಿನದು ಎಣಿಕೆಗೆ ಸಿಗದೆ ದಪ್ಪ ಗುಂಯ್‌ಕಾರವಾಗಿ, ದೇಹಕ್ಕೆ ತಾಗುವ ನಡುಕವಾಗಿ ಅನುಭವಕ್ಕೆ ಬರುತ್ತದೆ, ಅದು ಶಾಫ್ಟಿನದ್ದು. ನೂರನ್ನು ದಾಟಿದುದು ಹಾಡಿನಂತೆ ಒಂದು ಸ್ವರವಾಗಿ ಕೇಳಿಸುತ್ತದೆ; ಅದು ಹಲ್ಲುಗಳದ್ದು. ಮೇಸ್ತ್ರಿ ಈ ಗುಣಾಕಾರವನ್ನು ಮಾಡಿದವರಲ್ಲ, ಆದರೆ ಅವರ ಕಿವಿಗೆ ಉತ್ತರ ಗೊತ್ತಿತ್ತು. ಕ್ರೌನ್ ಪಿನಿಯನ್ ಹಾಕಿಸಲು ಸಾಲ ಮಾಡುವ ಮೊದಲು ಯಾರಾದರೂ ಈ ಒಂದು ಭೇದವನ್ನು ಗಮನಿಸಿದ್ದರೆ ಸಾಕಾಗಿತ್ತು.

ಬಾಣದ ಗುರುತು

ಲಾರಿಯ ಚಕ್ರಗಳಿಗೆ ಅಡೆಕಲ್ಲು ಇಟ್ಟು, ಎಂಜಿನ್ ಬಂದ್ ಮಾಡಿ, ಮೇಸ್ತ್ರಿ ಕೆಳಗೆ ನುಸುಳಿದರು. ಚಿಂದಿ ಬಟ್ಟೆಯಿಂದ ಶಾಫ್ಟಿನ ಮೇಲಿನ ಕೆಸರನ್ನೂ ಗ್ರೀಸನ್ನೂ ಒರೆಸಿದರು. ಜಾರುವ ಹಲ್ಲುಗಳಿರುವ ಜಾಗದಲ್ಲಿ, ಒಂದು ಭಾಗದ ಮೇಲೆ ಒಂದು ಬಾಣದ ಗುರುತು, ಅದಕ್ಕೆ ಸೇರುವ ಇನ್ನೊಂದು ಭಾಗದ ಮೇಲೆ ಮತ್ತೊಂದು ಬಾಣದ ಗುರುತು ಕಾಣಿಸಿದವು. ಅವೆರಡೂ ಒಂದಕ್ಕೊಂದು ಎದುರಾಗಿರಬೇಕಿತ್ತು, ಆದರೆ ಇರಲಿಲ್ಲ.

ಗೇರ್ ಪೆಟ್ಟಿಗೆ ಎತ್ತರದಲ್ಲಿದೆ, ಡಿಫರೆನ್ಷಿಯಲ್ ತಗ್ಗಿನಲ್ಲಿದೆ. ಸ್ಪ್ರಿಂಗ್ ಕುಣಿದಂತೆ ಅದು ಮೇಲೆ ಕೆಳಗೆ ಆಡುತ್ತಲೂ ಇರುತ್ತದೆ. ಆದುದರಿಂದ ಶಾಫ್ಟಿಗೆ ಬಾಗುವ ಸಂದುಗಳು ಅಗತ್ಯ. ಹದಿನಾರನೆಯ ಶತಮಾನದ ಇಟಲಿಯ ಜೆರೊಲಾಮೊ ಕಾರ್ಡಾನೊ ಮತ್ತು ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇವರ ಹೆಸರುಗಳಿಂದ ಈ ಸಂದನ್ನು ಇಂದಿಗೂ ಕರೆಯುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಅದು ಬರಿಯ ‘ಕ್ರಾಸ್’. ಅದಕ್ಕೊಂದು ವಿಚಿತ್ರ ಸ್ವಭಾವವಿದೆ. ಬಾಗಿದ ಕ್ರಾಸಿನ ಒಂದು ಬದಿ ಒಂದೇ ವೇಗದಲ್ಲಿ ತಿರುಗಿದರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಅವಸರಿಸುತ್ತದೆ, ಎರಡು ಸಲ ಹಿಂಜರಿಯುತ್ತದೆ. ಶಾಫ್ಟಿನ ಎರಡು ತುದಿಗಳ ಕವಲುಗಳನ್ನು ಒಂದೇ ಸಮತಲದಲ್ಲಿ ಜೋಡಿಸಿದರೆ ಮುಂದಿನ ಕ್ರಾಸಿನ ಅವಸರವನ್ನು ಹಿಂದಿನ ಕ್ರಾಸ್ ಸರಿದೂಗಿಸುತ್ತದೆ. ಆ ಜೋಡಣೆ ತಪ್ಪದಿರಲೆಂದೇ ಬಾಣದ ಗುರುತುಗಳಿವೆ. ತಪ್ಪಿದರೆ ಸರಿದೂಗುವುದರ ಬದಲು ಎರಡರ ಏರಿಳಿತವೂ ಕೂಡಿಕೊಳ್ಳಬಹುದು. 40 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 47 ಬಾರಿ ಶಾಫ್ಟ್ ಜಗ್ಗಿ ಬಿಡುತ್ತದೆ.

ಕ್ಲಚ್ ಪ್ಲೇಟ್ ಹಾಕಲು ಗೇರ್ ಪೆಟ್ಟಿಗೆ ಇಳಿಸಬೇಕು, ಅದಕ್ಕಾಗಿ ಶಾಫ್ಟ್ ಬಿಚ್ಚಬೇಕು. ಬಿಚ್ಚಿದವರು ಜಾರುವ ಹಲ್ಲುಗಳನ್ನು ಬೇರ್ಪಡಿಸಿ, ಮರಳಿ ಸೇರಿಸುವಾಗ ಬಾಣಗಳನ್ನು ಗಮನಿಸಿರಲಿಲ್ಲ. ಕ್ಲಚ್ಚಿಗೂ ಸದ್ದಿಗೂ ಇದ್ದ ಸಂಬಂಧ ಇಷ್ಟೇ.

ಆದರೆ ಮೇಸ್ತ್ರಿಯ ಮುಖ ಬಾಡಿದ್ದು ಬಾಣಗಳನ್ನು ನೋಡಿ ಅಲ್ಲ. ಅವರು ಚಾಲಕನನ್ನು ಕೆಳಗೆ ಕರೆದು, ಶಾಫ್ಟಿನ ಮುಂತುದಿಯ ಬೋಲ್ಟುಗಳನ್ನು ಮುಟ್ಟಿ ನೋಡಲು ಹೇಳಿದರು. ಎರಡು ಬೋಲ್ಟುಗಳು ಬೆರಳಿಗೇ ತಿರುಗಿದವು. ತಿಂಗಳುಗಟ್ಟಲೆಯ ನಡುಕ ಅವನ್ನು ಸಡಿಲಿಸಿತ್ತು. “ಇದು ಘಾಟಿ ಇಳಿಯುವಾಗ ಕಳಚಿದ್ದರೆ ಎಂಥ ಆಗ್ತಿತ್ತು ಹೇಳು” ಎಂದು ಮೇಸ್ತ್ರಿ ಕೇಳಿದಾಗ ಚಾಲಕ ಉತ್ತರಿಸಲಿಲ್ಲ. ಮುಂತುದಿ ಕಳಚಿ ನೆಲಕ್ಕೆ ಬಿದ್ದ ಶಾಫ್ಟ್ ರಸ್ತೆಗೆ ನಾಟಿಕೊಂಡು ಲಾರಿಯ ಹಿಂಭಾಗವನ್ನೇ ಎತ್ತಿಹಾಕಬಲ್ಲದು. ಹಾಗಾಗದಿದ್ದರೂ ಚಕ್ರಗಳಿಗೆ ಎಂಜಿನ್ನಿನ ಹಿಡಿತ ಪೂರ್ತಿಯಾಗಿ ತಪ್ಪುತ್ತದೆ. ಇಳಿಜಾರಿನಲ್ಲಿ ತುಂಬಿದ ಲಾರಿಯ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಎರಡು ತಿಂಗಳು ಆತ ಆ ಸದ್ದಿನೊಂದಿಗೇ ಶಿರಾಡಿಯನ್ನು ಹತ್ತಿ ಇಳಿದಿದ್ದ.

ಬಾಣಗಳನ್ನು ಎದುರುಬದುರು ತಂದು, ಹೊಸ ಬೋಲ್ಟುಗಳನ್ನು ಬಿಗಿದು, ಕ್ರಾಸುಗಳಿಗೆ ಗ್ರೀಸ್ ಹೊಡೆದು, ಸೆಂಟರ್ ಬೇರಿಂಗಿನ ರಬ್ಬರನ್ನು ನೋಡಿ, ಲಾರಿಯನ್ನು ಮತ್ತೆ ರಸ್ತೆಗಿಳಿಸಿದರು. 40 ದಾಟಿತು, 50 ದಾಟಿತು. ಎಂಜಿನ್ನಿನ ಸದ್ದನ್ನು ಬಿಟ್ಟರೆ ಬೇರಾವ ಸದ್ದೂ ಇರಲಿಲ್ಲ. ಕ್ರೌನ್ ಪಿನಿಯನ್ನಿಗಾಗಿ ಮಾಡಿದ ಸಾಲ ಮಾತ್ರ ಉಳಿಯಿತು.

ಎಣ್ಣೆಯ ಸಾಕ್ಷ್ಯ

ಕಿವಿಯ ಜತೆಗೆ ಕಣ್ಣಿಗೂ ಕೆಲಸವಿದೆ. ಗೇರ್ ಪೆಟ್ಟಿಗೆಯ ಅಥವಾ ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಸುರಿದು ನೋಡಿದರೆ ಒಳಗಿನ ವೃತ್ತಾಂತ ತಿಳಿಯುತ್ತದೆ. ಕೆಳಗಿನ ಬಿರಡೆಯ ಆಯಸ್ಕಾಂತಕ್ಕೆ ನುಣ್ಣನೆಯ ಬೂದುಬಣ್ಣದ ಲೇಪ ಅಂಟಿಕೊಂಡಿದ್ದರೆ ಅದು ಸಾಮಾನ್ಯ ಸವೆತ. ಚೂರುಗಳು, ಚಕ್ಕೆಗಳು ಸಿಕ್ಕಿದರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಹೊಂಬಣ್ಣದ ಮಿನುಗು ಕಂಡರೆ ಗೇರ್ ಪೆಟ್ಟಿಗೆಯ ಹಿತ್ತಾಳೆಯ ಉಂಗುರಗಳು ಸವೆಯುತ್ತಿವೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನಮ್ಮ ಮಳೆಗಾಲದಲ್ಲಿ ಇದು ಅಪರೂಪವಲ್ಲ. ಎಣ್ಣೆಯ ಮಟ್ಟ ಇಳಿದಿದ್ದರೆ ಬೇರೆಲ್ಲ ವಿಚಾರಕ್ಕೆ ಮೊದಲು ಅದನ್ನು ತುಂಬಿಸಿ, ಸೋರುವ ಸೀಲನ್ನು ಹುಡುಕಬೇಕು.

ಹಳೆಯ ಲಾರಿ ಕೊಳ್ಳುವವರಿಗೊಂದು ಮಾತು. ಊಳಿಡುವ ಡಿಫರೆನ್ಷಿಯಲ್ಲಿಗೆ ಮರದ ಹುಡಿ ಬೆರೆಸಿದ ಎಣ್ಣೆ ತುಂಬಿಸಿ ಕೆಲವು ದಿನಗಳ ಮಟ್ಟಿಗೆ ಸದ್ದಡಗಿಸುವ ಕುಯುಕ್ತಿ ಬಹಳ ಹಳೆಯದು. ಬೆಲೆ ಮಾತಾಡುವ ಮೊದಲು ಎಣ್ಣೆಯನ್ನು ಇಳಿಸಿ ನೋಡಿರಿ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಉಜ್ಜಿ ಹದಗೊಳಿಸಿದ ಭಾಗಗಳು; ಒಂದನ್ನು ಮಾತ್ರ ಬದಲಿಸಿದ ಲಾರಿಯನ್ನು ಕೊಳ್ಳಬೇಡಿರಿ.

ಕೆಲವು ಎಚ್ಚರಿಕೆಗಳು

ಎಂಜಿನ್ ಓಡುತ್ತಿರುವಾಗ, ಶಾಫ್ಟ್ ತಿರುಗುತ್ತಿರುವಾಗ ಲಾರಿಯ ಅಡಿಗೆ ಹೋಗಲೇಬಾರದು. ಲುಂಗಿಯ ತುದಿ ಅಥವಾ ಅಂಗಿಯ ತೋಳು ಒಮ್ಮೆ ಶಾಫ್ಟಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಬರಿಯ ಜಾಕಿನ ಮೇಲೆ ಎತ್ತಿದ ಲಾರಿಯ ಕೆಳಗೂ ಮಲಗಬಾರದು. ನ್ಯೂಟ್ರಲ್‌ನಲ್ಲಿ ತೇಲಿಸಿ ಸದ್ದು ಪರೀಕ್ಷಿಸುವುದಿದ್ದರೆ ಸಮತಟ್ಟಾದ, ಜನರಿಲ್ಲದ ರಸ್ತೆಯಲ್ಲಿ ಮಾತ್ರ. ಘಾಟಿಯಲ್ಲಿ ಎಂದಿಗೂ ಬೇಡ.

1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಹೃದಯದ ಬಡಿತವನ್ನು ಆಲಿಸಿದ; ಸ್ಟೆತೊಸ್ಕೋಪ್ ಹುಟ್ಟಿದ್ದು ಹಾಗೆ. ಉದ್ದನೆಯ ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ತುದಿಯನ್ನು ಗೇರ್ ಪೆಟ್ಟಿಗೆಯ ಹೊರಮೈಗೆ ತಾಗಿಸುವ ನಮ್ಮ ಮೇಸ್ತ್ರಿಗಳೂ ಅದೇ ವಿದ್ಯೆಯವರು. ಲಾರಿ ನಿಂತಿದ್ದಾಗ ಬರುವ ಸದ್ದಿಗೆ ಈ ಉಪಾಯ ಉತ್ತಮ. ಇಂದಿನ ಲಾರಿಗಳ ಎಂಜಿನ್ನಿನ ದೋಷಗಳನ್ನು ಸ್ಕ್ಯಾನರ್ ಯಂತ್ರ ಅಂಕಿಗಳಲ್ಲಿ ತೋರಿಸುತ್ತದೆ. ಆದರೆ ಒಣಗಿದ ಕ್ರಾಸಿನ ಚಿಲಿಪಿಲಿಯಾಗಲಿ, ತಪ್ಪಿದ ಬಾಣವಾಗಲಿ ಅದಕ್ಕೆ ಕಾಣುವುದಿಲ್ಲ. ಚಾಲಕನ ಪಕ್ಕದಲ್ಲಿ ಕುಳಿತವರು ಮೊಬೈಲಿನಲ್ಲಿ ಸದ್ದನ್ನು ದಾಖಲಿಸಿ, ವೇಗವನ್ನೂ ಗೇರನ್ನೂ ಬಾಯಲ್ಲಿ ಹೇಳುತ್ತಾ ಹೋದರೆ ಮೇಸ್ತ್ರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಆ ಕುಟುಂಬದ ಲಾರಿ ಮಾರಾಟವಾಗಲಿಲ್ಲ. ಹಿಂದೆ ಬಿದ್ದಿದ್ದ ಕಂತುಗಳನ್ನು ತೀರಿಸಲು ಅವರಿಗೆ ಒಂದು ವರ್ಷ ಬೇಕಾಯಿತು. ಅನಂತರ ಒಮ್ಮೆ ಅವರ ಮನೆಗೆ ಹೋಗಿದ್ದಾಗ ಆ ತಾಯಿ ಲೆಕ್ಕದ ಪುಸ್ತಕವನ್ನು ತೋರಿಸಿದರು. ಡೀಸೆಲ್, ಬಾಡಿಗೆ, ಕಂತು ಎಂಬ ಅಂಕಣಗಳ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಅವರೇ ಗೆರೆ ಎಳೆದು ಸೇರಿಸಿದ್ದರು. ಯಾವ ದಿನ ಯಾವ ಭಾಗ ಬಿಚ್ಚಿಸಿದ್ದು, ಆ ಬಳಿಕ ಯಾವ ಸದ್ದು, ಎಷ್ಟು ವೇಗದಲ್ಲಿ, ಖಾಲಿಯಿದ್ದಾಗಲೋ ತುಂಬಿದ್ದಾಗಲೋ ಎಂಬುದೆಲ್ಲ ಅಲ್ಲಿ ಬರೆದಿತ್ತು. ಹೆಚ್ಚಿನ ಸಾಲುಗಳಲ್ಲಿ ‘ಸದ್ದಿಲ್ಲ’ ಎಂದಿತ್ತು. ಲಾರಿಯಿರುವ ಪ್ರತಿಯೊಂದು ಮನೆಯಲ್ಲೂ ಅಂತಹ ಒಂದು ಅಂಕಣವಿರಲಿ.